ಬಂದೂಕು ಕೊಳ್ಳದ ಗಿರಾಕಿ

ಡೆಟ್ರಾಯಿಟಿನ ಸುತ್ತಮುತ್ತಲ ಬಂದೂಕಿನ ಅಂಗಡಿಗಳಲ್ಲಿ ನಾನು ಪರಿಚಿತ ಗಿರಾಕಿ. ಬಾಗಿಲು ತಳ್ಳಿ ಒಳಗೆ ಹೋದರೆ ಹೆಸರು ಹಿಡಿದು ಮಾತಾಡಿಸುವವರಿದ್ದಾರೆ. ನಾಗೇಂದ್ರ ಎಂಬ ಹೆಸರನ್ನು ಸೊಂಟದಲ್ಲೇ ಕತ್ತರಿಸಿ ‘ನ್ಯಾಗ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಹಾಗೆಂದರೆ ಗೋಳುಹೊಯ್ದುಕೊಳ್ಳುವುದು ಎಂದರ್ಥ. ಅಂಗಡಿಯವರಿಗೂ ನನ್ನ ಹೆಂಡತಿಗೂ ಒಮ್ಮತವಿರುವ ವಿಷಯ ಇದೊಂದೇ ಇರಬೇಕು. ಆ ಅಂಗಡಿಗಳಿಂದ ನಾನು ಉಣ್ಣೆಯ ಕಾಲುಚೀಲ ಕೊಂಡಿದ್ದೇನೆ, ಕೈಯಳತೆಯ ಟಾರ್ಚು ಕೊಂಡಿದ್ದೇನೆ, ಕಿವಿಯ ಮೇಲೆ ಕೂರುವ ದಪ್ಪ ಮುಚ್ಚಳ ಕೊಂಡಿದ್ದೇನೆ. ಜಿಂಕೆಯ ಚಿತ್ರವಿರುವ ಟೋಪಿಯೂ ನನ್ನ ಬಳಿ ಇದೆ. ಬಂದೂಕು ಮಾತ್ರ ಇಲ್ಲ.

ಮೈಸೂರಿನಲ್ಲಿ ಹುಟ್ಟಿ ಬೆಳೆದ, ದೀಪಾವಳಿಯಲ್ಲಿ ಲಕ್ಷ್ಮೀ ಪಟಾಕಿ ಹಚ್ಚುವುದಕ್ಕೂ ಪಕ್ಕದ ಮನೆಯವರನ್ನು ಕರೆಯುತ್ತಿದ್ದ ನಾನು ಈ ಅಂಗಡಿಗಳ ಮೆಟ್ಟಿಲು ಹತ್ತಿದ್ದು ಹೇಗೆ ಎಂದು ಹೇಳಬೇಕಾದರೆ ಡಾಕ್ಟರ್ ಹಿರೇಮಠರಿಂದ ಶುರುಮಾಡಬೇಕು. ಸ್ಟರ್ಲಿಂಗ್ ಹೈಟ್ಸಿನ ನಮ್ಮ ಬಡಾವಣೆಯಲ್ಲೇ, ಇಲ್ಲಿಯವರ ಬಾಯಲ್ಲಿ ಸಬ್‌ಡಿವಿಷನ್ನಿನಲ್ಲೇ, ಅವರ ಮನೆ. ಹುಬ್ಬಳ್ಳಿ ಕಡೆಯವರು, ಮಕ್ಕಳ ವೈದ್ಯರು, ಭಾಷಣಪ್ರಿಯರು. ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ರಾಜ್ಯೋತ್ಸವದ ಸಮಾರಂಭದಲ್ಲಿ ಅವರು ವೇದಿಕೆಯ ಮೇಲೆ ನಿಂತು ಕನ್ನಡ ನಾಡಿನ ಸಿರಿಸಂಪತ್ತಿನ ವಿಷಯವಾಗಿ ಮಾತಾಡುತ್ತಿದ್ದರು. ಮಾತು ಸ್ವಲ್ಪ ಉದ್ದವಾಯಿತು. ಅಷ್ಟರಲ್ಲಿ ಅವರ ಮನೆಯ ಸಿರಿಸಂಪತ್ತು ಹಿಂಬಾಗಿಲಿನಿಂದ ಹೊರಟುಹೋಗಿತ್ತು.

ಸುದ್ದಿ ತಿಳಿದು ನಾನೂ ನನ್ನ ಹೆಂಡತಿ ಸುಧಾಳೂ ಓಡಿದೆವು. ಡಾಕ್ಟರು ಅಡುಗೆಮನೆಯ ನಡುವೆ, ಚೆಲ್ಲಿದ ಬೇಳೆಯ ಮೇಲೆ ಶೂ ಕಾಲಲ್ಲೇ ನಿಂತಿದ್ದರು.

“ಬಂಗಾರ ಹೋದ್ರ ಹೋಗ್ಲಿ ಬಿಡ್ರಿ, ದೇವರ ಮನ್ಯಾಗಿನ ಬೆಳ್ಳಿ ಸಾಮಾನೂ ಬಿಟ್ಟಿಲ್ಲ. ಉದ್ದಿನಬ್ಯಾಳಿ ಡಬ್ಬಿ ಸೈತ ಬೋರಲ ಹಾಕಿ ನೋಡ್ಯಾರ. ನಮ್ಮ ಮಂದಿ ಬ್ಯಾಳ್ಯಾಗ ಬಂಗಾರ ಇಡ್ತಾರಂತ ಈ ಮಕ್ಕಳಿಗೆ ಹೆಂಗ ಗೊತ್ತಾತ್ರಿ?”

ಸುಧಾ ಚೆಲ್ಲಿದ ಬೇಳೆಯನ್ನೇ ನೋಡಿದಳು. ಮನೆಗೆ ಬಂದವಳೇ ನನ್ನನ್ನು ಹಾಲು ತರಲು ಅಟ್ಟಿದಳು. ನಾನು ವಾಪಸು ಬರುವಷ್ಟರಲ್ಲಿ ನಮ್ಮ ರಾಗಿಹಿಟ್ಟಿನ ಡಬ್ಬಿ ಹಗುರವಾಗಿತ್ತು. ಅದರ ಭಾರ ಯಾವ ಡಬ್ಬಿಗೆ ವರ್ಗವಾಯಿತೆಂದು ನನಗೆ ಇಂದಿಗೂ ತಿಳಿದಿಲ್ಲ. ಕಳ್ಳರು ನನ್ನನ್ನು ಕಂಬಕ್ಕೆ ಕಟ್ಟಿ ಕೇಳಿದರೂ ನಾನು ಪ್ರಾಮಾಣಿಕವಾಗಿ ಕೈಚೆಲ್ಲಬಲ್ಲೆ. ಗಂಡನನ್ನು ಕಾಪಾಡಿಕೊಳ್ಳುವುದರಲ್ಲಿ ಇದೂ ಒಂದು ಬಗೆ.

ಅಲ್ಲಿಯವರೆಗೆ ಇದು ನಗುವ ವಿಷಯವೇ ಆಗಿತ್ತು. ಮಗಳು ಕಾಲೇಜಿಗೆಂದು ಬೇರೆ ಊರಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಸುಧಾ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. ನನ್ನ ಆಫೀಸು ವಿಕ್ಸಮ್‌ನಲ್ಲಿ. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ಡಿಸೆಂಬರಿನ ಒಂದು ಸಂಜೆ ಬಂದಾಗ ನಮ್ಮ ಡ್ರೈವ್‌ವೇಯಲ್ಲಿ ಅವಳ ಕಾರು ಹೀಟರ್ ಹಾಕಿಕೊಂಡು ಗುರುಗುಟ್ಟುತ್ತಿತ್ತು. ಒಳಗೆ ಸುಧಾ ಜಾಕೆಟ್ಟು ಹೊದ್ದು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ತರಕಾರಿಗೆ ಹೋಗಿದ್ದವಳು ಮಧ್ಯಾಹ್ನವೇ ವಾಪಸಾಗಿದ್ದಳು. ಪಾಲಕ್ ಸೊಪ್ಪು ಹಿಂದಿನ ಸೀಟಿನಲ್ಲೇ ಬಾಡಿತ್ತು.

“ಒಳಗೆ ಹೋಗೋಕೆ ಭಯ ಆಗುತ್ತೆ ರೀ,” ಎಂದಳು. “ಬೇಸ್‌ಮೆಂಟಲ್ಲಿ ಹೀಟಿಂಗ್ ಫರ್ನೇಸ್ ಆನ್ ಆದ್ರೂ ಯಾರೋ ಇದಾರೆ ಅನ್ಸುತ್ತೆ. ದಿನಾ ಹೇಳಿದ್ರೆ ನಗ್ತೀರಾ ಅಂತ ಸುಮ್ನಿದ್ದೆ.”

ನಾನು ಕಾರಿನ ಬಾಗಿಲಿನ ಲಾಕುಗಳನ್ನು ವಿನ್ಯಾಸ ಮಾಡುವ ಎಂಜಿನಿಯರು. ಈ ದೇಶದ ಎಷ್ಟೋ ಲಕ್ಷ ಜನ ನಾನು ಲೆಕ್ಕಹಾಕಿದ ಕೊಂಡಿಯನ್ನು ನಂಬಿ ಹೆದ್ದಾರಿಯಲ್ಲಿ ಹಾಡು ಹೇಳಿಕೊಂಡು ಹೋಗುತ್ತಾರೆ. ನನ್ನ ಸ್ವಂತ ಹೆಂಡತಿ ಮಾತ್ರ ನನ್ನ ಮನೆಯ ಬಾಗಿಲಿಗಿಂತ ಕಾರಿನ ಬಾಗಿಲೇ ವಾಸಿ ಎಂದು ಅದರೊಳಗೆ ಕುಳಿತಿದ್ದಳು. ವೃತ್ತಿಯ ದೃಷ್ಟಿಯಿಂದ ಹೆಮ್ಮೆ ಪಡಬಹುದಿತ್ತೇನೋ. ಆ ಸಂಜೆ ನನಗೆ ಹೆಮ್ಮೆಯೂ ಬರಲಿಲ್ಲ, ನಗುವೂ ಬರಲಿಲ್ಲ.

ಅದೇ ವಾರ ಸುಧಾಳ ತಮ್ಮ ಮುರಳಿ ಫೋನು ಮಾಡಿದ. ಷಿಕಾಗೋ ವಿಮಾನ ನಿಲ್ದಾಣದ ಮಗ್ಗುಲಿನ ಡೆಸ್ ಪ್ಲೇನ್ಸ್‌ನಲ್ಲಿ ಅವನ ಮನೆ. ಸರಕು ಸಾಗಿಸುವ ಕಂಪನಿಯೊಂದಕ್ಕೆ ಮನೆಯಲ್ಲೇ ಕೂತು ಕೆಲಸ ಮಾಡುತ್ತಾನೆ.

“ಭಾವ, ಅಲಾರಂ ಗಿಲಾರಂ ಎಲ್ಲ ವೇಸ್ಟು. ನಾನು ಆಗ್ಲೇ ಗನ್ ತೊಗೊಂಡಾಯ್ತು. ಕ್ಲಾಸಿಗೂ ಹೋಗ್ಬಂದೆ. ನೀವು ಇನ್ನೂ ಯೋಚ್ನೆ ಮಾಡ್ತಾ ಕೂತಿದೀರಲ್ಲ!”

ಜಿರಲೆ ಕಂಡರೆ ಮಂಚ ಹತ್ತುತ್ತಿದ್ದ ಹುಡುಗ ಎಂದು ಅವನ ಅಕ್ಕನೇ ಎಷ್ಟು ಸಲ ಹೇಳಿದ್ದಾಳೆ! ಆದರೆ ಅಂದು ನನ್ನ ಬಳಿಕ ತಾನೂ ಮಾತಾಡಿ ಫೋನು ಇಟ್ಟವಳು ನನ್ನತ್ತ ನೋಡಿದ ನೋಟದಲ್ಲಿ ತಮ್ಮ ಮಂಚದಿಂದ ಇಳಿದಿದ್ದ, ಗಂಡ ಇನ್ನೂ ಅದರ ಮೇಲೇ ಇದ್ದ.

ಹೀಗೆ ನಾನು ಊಟದ ಬಿಡುವಿನಲ್ಲಿ ವಿಕ್ಸಮ್‌ನ ಬಂದೂಕಿನ ಅಂಗಡಿಗೆ ಮೊದಲ ಸಲ ಹೋದೆ. ಹೋಗುವ ಮುಂಚೆ ಕಾರಿನಲ್ಲಿ ಕೂತು ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಬಂದೂಕು ಕೇಳುವವನ ಮುಖ ಹೇಗಿರಬೇಕು? ತೀರ ನಗುತ್ತಿದ್ದರೆ ಅನುಮಾನ, ನಗದಿದ್ದರೆ ಇನ್ನೂ ಅನುಮಾನ. ನನ್ನ ಬಣ್ಣದವನಿಗೆ ಎರಡರ ಮೇಲೂ ಸ್ವಲ್ಪ ತೆರಿಗೆ. ಕೊನೆಗೆ ಪಾಸ್‌ಪೋರ್ಟ್ ಫೋಟೋದ ಮುಖ ಮಾಡಿಕೊಂಡು ಒಳಗೆ ನಡೆದೆ.

ಯಾರೂ ತಲೆಯೆತ್ತಿ ನೋಡಲಿಲ್ಲ. ಅಂಗಡಿ ನಮ್ಮೂರ ಒಡವೆಯಂಗಡಿಯ ಹಾಗಿತ್ತು: ಗಾಜಿನ ಪೆಟ್ಟಿಗೆ, ಒಳಗೆ ಬೆಳಕು, ಮಖಮಲ್ಲಿನ ಮೇಲೆ ಸಾಲಾಗಿ ಮಲಗಿದ ಪಿಸ್ತೂಲುಗಳು. ಗೋಡೆಯ ಮೇಲೆ ಉದ್ದನೆಯ ಬಂದೂಕುಗಳು. ಅವುಗಳ ಮೇಲೆ ತಾವು ಇಲ್ಲಿಗೆ ಹೇಗೆ ಬಂದೆವೆಂದು ಇನ್ನೂ ಅರ್ಥವಾಗದ ಮುಖದ ಜಿಂಕೆಯ ತಲೆಗಳು. ಕೌಂಟರಿನ ಹಿಂದೆ ಕ್ಯಾರಲ್ ಎಂಬ ಹೆಂಗಸು. ಮೊಮ್ಮಕ್ಕಳಿರುವ ವಯಸ್ಸು, ಸರಕ್ಕೆ ಕಟ್ಟಿದ ಕನ್ನಡಕ, ಗುಲಾಬಿ ಬಣ್ಣದ ಉಗುರು. ಎಲ್ಲರನ್ನೂ ‘ಹನಿ’ ಎನ್ನುತ್ತಾಳೆ. ಹಿಂದಿನ ಗಿರಾಕಿಯನ್ನೂ ಹನಿ ಎಂದಳು, ನನ್ನನ್ನೂ ಹನಿ ಎಂದಳು. ಹನಿ ಹನಿ ಸೇರಿ ಅಂಗಡಿಯಲ್ಲಿ ಸಣ್ಣ ಸರದಿ ಸಾಲು ಹರಿಯುತ್ತಿತ್ತು.

ಮನೆಯ ರಕ್ಷಣೆಗೆ ಬೇಕು ಎಂದೆ. ಅವಳು ಕನ್ನಡಕ ಏರಿಸಿ, “ಸರಿ. ಮನೆಯಲ್ಲಿ ಏನನ್ನು ರಕ್ಷಿಸಬೇಕು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ತಡವರಿಸಿದೆ. ಬಂಗಾರ ಎನ್ನಲು ಬಾಯಿ ಬರಲಿಲ್ಲ. ಅದು ಯಾವ ಡಬ್ಬಿಯಲ್ಲಿದೆ ಎಂದು ಕೇಳಿಬಿಟ್ಟರೆ? ಟಿವಿ ಹಳೆಯದು. ಸೋಫಾವನ್ನು ಕಳ್ಳರು ಒಯ್ದರೆ ನಾನೇ ಒಂದು ಕಡೆ ಕೈಹಚ್ಚುತ್ತೇನೆ. ಕಲ್ಲಿನ ಗ್ರೈಂಡರನ್ನು ಒಯ್ಯುವ ಶಕ್ತಿಯಿರುವ ಕಳ್ಳನಿಗೆ ನಾನು ಗುಂಡು ಹೊಡೆಯಲಾರೆ, ನಮಸ್ಕಾರ ಮಾಡುತ್ತೇನೆ. ಕೊನೆಗೆ “ನನ್ನ ಹೆಂಡತಿಯ ಧೈರ್ಯವನ್ನು” ಎಂದೆ.

ಕ್ಯಾರಲ್ ನಗಲಿಲ್ಲ. ಮಿಷಿಗನ್ನಿನಲ್ಲಿ ಮೊದಲು ಪೊಲೀಸರಿಂದ ಪರವಾನಗಿ ತರಬೇಕೆಂದು ವಿವರಿಸಿ, ಅಷ್ಟರೊಳಗೆ ಹಿಡಿದು ನೋಡು ಎಂದು ಒಂದು ಪಿಸ್ತೂಲನ್ನು ನನ್ನ ಅಂಗೈಗಿಟ್ಟಳು. ಅದು ತಣ್ಣಗೆ, ಸಾಣೆಕಲ್ಲಿನಷ್ಟು ಭಾರವಾಗಿತ್ತು. ನಾನು ಅದನ್ನು ಪ್ರಸಾದ ತೆಗೆದುಕೊಳ್ಳುವವನಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಕಣ್ಣಿಗೊತ್ತಿಕೊಳ್ಳದಿದ್ದದ್ದು ಪುಣ್ಯ. ಅಷ್ಟು ಹೊತ್ತು ಮಾತಾಡಿಸಿ ಬರಿಗೈಯಲ್ಲಿ ಹೊರಡುವುದು ಹೇಗೆ? ದಾಕ್ಷಿಣ್ಯಕ್ಕೆ ಕಿವಿ ಮುಚ್ಚುವ ಸಾಧನ ಕೊಂಡೆ. ಸುಧಾ ಅದನ್ನು ಎರಡು ಸಲ ತಿರುಗಿಸಿ ನೋಡಿ, “ಇದನ್ನ ಹಾಕ್ಕೊಂಡ್ರೆ ಕಳ್ಳ ಬಂದಿದ್ದು ಕೇಳಿಸೋದೂ ಇಲ್ಲ, ಆರಾಮು,” ಎಂದಳು.

ಆಮೇಲೆ ನಾನು ಹೋಗುತ್ತಲೇ ಇದ್ದೆ. ಪರವಾನಗಿ ವಿಚಾರಿಸಲು ಹೋಗಿ ಟಾರ್ಚು ತಂದೆ, ಮಾದರಿಗಳನ್ನು ಹೋಲಿಸಲು ಹೋಗಿ ಕಾಲುಚೀಲ ತಂದೆ. ಅಲ್ಲಿ ನಿಂತಾಗಲೆಲ್ಲ ನನ್ನ ತಲೆ ಬಂದೂಕು ಬಿಟ್ಟು ಮಾತಿನ ಬೆನ್ನುಹತ್ತುತ್ತಿತ್ತು. ಕನ್ನಡದಲ್ಲಿ ಈ ಗುಂಡು ಎಂಬ ಶಬ್ದ ಎಷ್ಟು ಸಾಧು ನೋಡಿ. ಗುಂಡುಮಲ್ಲಿಗೆಯಲ್ಲಿ ಪರಿಮಳವಾಗಿ, ಗುಂಡುಸೂಜಿಯಲ್ಲಿ ಗುಮಾಸ್ತನಾಗಿ, ಒರಳಿನಲ್ಲಿ ರುಬ್ಬುಗುಂಡಾಗಿ, ತೊಟ್ಟಿಲಿನಲ್ಲಿ ಮಗುವಿನ ಮುದ್ದಿನ ಹೆಸರಾಗಿ, ಸಂಜೆಯಾದರೆ ಗಂಡಸರ ಗ್ಲಾಸಿನೊಳಗಿಳಿದು, ಇಷ್ಟೆಲ್ಲ ಮುಗಿದ ಮೇಲೆ ಬಿಡುವಿದ್ದರೆ ಬಂದೂಕಿನೊಳಕ್ಕೆ ಹೋಗುತ್ತದೆ. ಇಂಗ್ಲಿಷಿನವರೂ ಅದನ್ನು ‘ರೌಂಡು’ ಎಂದೇ ಕರೆಯುತ್ತಾರೆ, ಪಾನಗೋಷ್ಠಿಯ ಲೆಕ್ಕಕ್ಕೂ ರೌಂಡು ಎಂದೇ ಹೇಳುತ್ತಾರೆ. ಎರಡು ದೂರದ ಭಾಷೆಗಳು ಮಾತಾಡಿಕೊಳ್ಳದೆ ಇಂಥ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿವೆ. ಇನ್ನು ಮದ್ದು. ಅದು ಕೆಮ್ಮಿಗೂ ಆಗುತ್ತದೆ, ಕೋವಿಗೂ ಆಗುತ್ತದೆ. ಸುಧಾಳ ಭಯಕ್ಕೆ ಮದ್ದು ಬೇಕಿತ್ತು. ನಾನು ಮದ್ದುಗುಂಡಿನ ಅಂಗಡಿಗೆ ಹೋದೆ. ತಪ್ಪು ನಿಘಂಟಿನದು.

ನನ್ನ ಕಾಲುಚೀಲಗಳ ಸಂಗ್ರಹ ಬೆಳೆಯುವುದನ್ನು ನೋಡಿ ಸುಧಾ ತಾನೇ ಬರುತ್ತೇನೆಂದಳು. ಒಂದು ಶನಿವಾರ ನಮ್ಮ ಮನೆಗೆ ಹತ್ತಿರದ, ಸ್ಟರ್ಲಿಂಗ್ ಹೈಟ್ಸಿನ ಅಂಗಡಿಗೆ ಹೋದೆವು. ಅಲ್ಲಿ ಗಡ್ಡದ ತರುಣನೊಬ್ಬ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದ. ಹೆಣ್ಣು ಗಿರಾಕಿ ಬಂದದ್ದೇ ತಡ, ಮೆತ್ತನೆಯ ಚಾಪೆ ಹಾಸಿ ಒಂದೊಂದೇ ಮಾದರಿ ಬಿಚ್ಚಿಟ್ಟ. ಕಪ್ಪು, ಕಂದು, ನವಿಲು ಬಣ್ಣ, ನೇರಳೆ. ಸುಧಾಳ ಬೆನ್ನು ನೆಟ್ಟಗಾಯಿತು. ಮದುವೆ ಸೀರೆಯ ಅಂಗಡಿಯಲ್ಲಿ ಕಂಡಿದ್ದ ಅದೇ ಭಂಗಿ. ನವಿಲು ಬಣ್ಣದ್ದನ್ನು ಬೆಳಕಿಗೆ ಹಿಡಿದಳು, ಹಿಡಿಯ ಮೇಲಿನ ಗೀರುಗೆಲಸವನ್ನು ಬೆರಳಲ್ಲಿ ಸವರಿದಳು.

“ಬಣ್ಣ ಹೋಗಲ್ಲ ತಾನೇ, ಕೇಳಿ,” ಎಂದು ನನ್ನ ಕಿವಿಯಲ್ಲಿ ಉಸುರಿದಳು.

ಹೋಗುವುದಿಲ್ಲ ಎಂದು ತರುಣ ಆಣೆ ಮಾಡಿದ. ಎಲ್ಲ ಸರಿಯಾಗುವ ಹಾಗಿತ್ತು. ಕೊನೆಗೆ ಸುಧಾ, “ಇದನ್ನು ಮನೆಯಲ್ಲಿ ಎಲ್ಲಿಡಬೇಕು?” ಎಂದು ಅವನನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಗುಂಡುಗಳನ್ನು ಬೇರೆ ಕಡೆ, ಎಂದ. ಹಾಗಾದರೆ ಕಳ್ಳ ಬಂದಾಗ? ಪೆಟ್ಟಿಗೆಯ ಬೀಗ ತೆಗೆದು, ಗುಂಡು ಹುಡುಕಿ, ತುಂಬಿ, ಗುರಿಯಿಟ್ಟು... ಅವನ ದನಿ ತಗ್ಗುತ್ತ ಹೋಯಿತು.

“ಅಷ್ಟೊತ್ತಿಗೆ ಅವನಿಗೆ ಕಾಫಿ ಕೊಡಬಹುದು,” ಎಂದು ಸುಧಾ ಕನ್ನಡದಲ್ಲಿ ಹೇಳಿದಳು. ನವಿಲು ಬಣ್ಣದ್ದನ್ನು ಮನಸ್ಸಿಲ್ಲದ ಮನಸ್ಸಿನಿಂದ ಕೆಳಗಿಟ್ಟಳು. ಕಾರು ಹತ್ತಿದ ಮೇಲೆ, “ಮುರಳಿ ಹೇಗೆ ಇಟ್ಕೊಂಡಿದಾನೆ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಅವನು ಕ್ಲಾಸಿಗೆ ಹೋಗಿದಾನೆ. ಕಲ್ತು ಬನ್ನಿ,” ಎಂದು ಅಪ್ಪಣೆ ಕೊಡಿಸಿದಳು. ತಾನು ಬರುವಂತಿರಲಿಲ್ಲ, ಅವಳಿಗೆ ವರ್ಷಾಂತ್ಯದ ಲೆಕ್ಕಗಳಿದ್ದವು. ಒಬ್ಬಳೇ ಮನೆಯಲ್ಲಿರಲು ಆಗದೆ ಆ ದಿನಗಳಿಗೆ ಹಿರೇಮಠರ ಮನೆಗೆ ಲ್ಯಾಪ್‌ಟಾಪು ಹಿಡಿದು ಹೋದಳು. ಕಳ್ಳರು ಒಂದು ಸಲ ಬಂದುಹೋದ ಮನೆಯೇ ಕ್ಷೇಮ ಎಂದು ಅವಳ ವಾದ.

ಜನವರಿಯ ಒಂದು ಶುಕ್ರವಾರ ನಾನು ಷಿಕಾಗೋ ದಾರಿ ಹಿಡಿದೆ. ಸುಧಾ ತಮ್ಮನ ಮನೆಗೆಂದು ಕರಿದ ಚಕ್ಕುಲಿಯ ಡಬ್ಬಿ ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿತ್ತು. ನಾಲ್ಕಕ್ಕೆ ಬರುತ್ತೇನೆ ಎಂದು ಮುರಳಿಗೆ ಹೇಳಿದ್ದೆ. ನನ್ನ ನಾಲ್ಕು ಡೆಟ್ರಾಯಿಟಿನ ನಾಲ್ಕು. ಷಿಕಾಗೋ ಗಡಿಯಾರ ನಮಗಿಂತ ಒಂದು ಗಂಟೆ ಹಿಂದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ, ಆ ಹೊತ್ತಿಗೆ ನೆನಪಿರಲಿಲ್ಲ. ಹೀಗಾಗಿ ಅವನ ಲೆಕ್ಕದಲ್ಲಿ ಮೂರಕ್ಕೇ ಅವನ ಮನೆಯ ಮುಂದೆ ಇಳಿದೆ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದ ಹತ್ತು ಡಿಗ್ರಿ, ನೀರು ಕಲ್ಲಾಗುವ ಚಳಿ. ಕರಿಯ ಜಾಕೆಟ್ಟು, ತಲೆಗೆ ಅದರ ಟೊಪ್ಪಿಗೆ, ಮೂಗಿನವರೆಗೆ ಮಫ್ಲರು. ಕರೆಗಂಟೆ ಒತ್ತಿದೆ, ಉತ್ತರವಿಲ್ಲ. ಐದು ಗಂಟೆ ಕಾರು ಓಡಿಸಿಕೊಂಡು ಬಂದ, ದಾರಿಯಲ್ಲಿ ಎರಡು ದೊಡ್ಡ ಕಾಫಿ ಕುಡಿದ, ಐವತ್ತು ದಾಟಿದ ಗಂಡಸು ಬಾಗಿಲ ಮುಂದೆ ಎಷ್ಟು ಹೊತ್ತು ಸಭ್ಯನಾಗಿ ನಿಂತಿರಬಲ್ಲ? ಗ್ಯಾರೇಜಿನ ಬಾಗಿಲು ತೆರೆಯುವ ಗುಪ್ತಸಂಖ್ಯೆ ನನಗೆ ಗೊತ್ತಿತ್ತು. ಒತ್ತಿ, ಒಳಗೆ ಓಡಿ, ಮೆಟ್ಟಿಲ ಕೆಳಗಿನ ಬಚ್ಚಲುಮನೆ ಸೇರಿದೆ.

ಮುರಳಿ ಮಹಡಿಯ ಮೇಲೆ ಮೀಟಿಂಗಿನಲ್ಲಿದ್ದ. ಫೋನಿನಲ್ಲಿ ಮೊಳಗುವ ಕರೆಗಂಟೆ ತೊಂದರೆ ಕೊಡದಿರಲೆಂದು ಅದರ ಬಾಯಿ ಮುಚ್ಚಿಸಿದ್ದ. ಹೆಂಡತಿ ದೀಪಾ ಆಫೀಸಿನಲ್ಲಿ, ಮಗಳು ಸ್ಕೂಲಿನಲ್ಲಿ. ಮನೆಯಲ್ಲಿ ತಾನೊಬ್ಬನೇ ಎಂದುಕೊಂಡಿದ್ದವನಿಗೆ ಕೆಳಗೆ ಬಾಗಿಲು ತೆಗೆದ ಸದ್ದು, ಓಡಿದ ಸದ್ದು.

ನಾನು ಹಗುರವಾದ ಮೈಯಲ್ಲಿ, ಒದ್ದೆ ಕೈಯನ್ನು ಒದರುತ್ತ ಬಾಗಿಲು ತೆರೆದೆ. ಮೆಟ್ಟಿಲ ನಡುವೆ ಮುರಳಿ ನಿಂತಿದ್ದ. ಕೊರಳಿಗೆ ಹೆಡ್‌ಸೆಟ್ಟು, ಮೇಲೆ ಇಸ್ತ್ರಿ ಮಾಡಿದ ಷರಟು, ಕೆಳಗೆ ಮನೆಯ ಚಡ್ಡಿ. ಎರಡೂ ಕೈಯಲ್ಲಿ ಪಿಸ್ತೂಲು. ಅದರ ತುದಿ ನನ್ನ ಎದೆಯ ಕಡೆಗಿತ್ತು ಎಂದು ಹೇಳಲಾರೆ. ಎದೆ, ಹೊಟ್ಟೆ, ಭುಜ, ಮತ್ತೆ ಹೊಟ್ಟೆ, ಹೀಗೆ ನನ್ನ ಮೈಯನ್ನೆಲ್ಲ ಸುತ್ತುತ್ತಿತ್ತು.

“ಹೂ ಈಸ್ ದಟ್? ಹ್ಯಾಂಡ್ಸ್! ಶೋ ಮಿ ಯುವರ್ ಹ್ಯಾಂಡ್ಸ್!” ಎಂದು ಕಿರುಚಿದ. ಆ ದನಿ ನಾನು ಎಂದೂ ಕೇಳಿದ್ದಲ್ಲ.

ಕೈ ಎತ್ತಿದೆ. “ಇಟ್ಸ್ ಮಿ!” ಎಂದೆ. ನಾನು ಈ ದೇಶಕ್ಕೆ ಬಂದಂದಿನಿಂದ, ಫೋನಿನಲ್ಲಿ ಎರಡನೆಯ ಸಲ ಹೇಳಬೇಕಾಗದಿರಲೆಂದು, ಕಷ್ಟಪಟ್ಟು ಅಮೆರಿಕದ ಉಚ್ಚಾರಣೆ ಸಾಧಿಸಿದ್ದೇನೆ. ಆ ಕ್ಷಣದಲ್ಲಿ ಅದು ಎಂದೂ ಬರದಷ್ಟು ಚೆನ್ನಾಗಿ ಬಂತು. ಮಫ್ಲರಿನ ಹಿಂದಿನಿಂದ ಯಾವನೋ ಅಪ್ಪಟ ಅಮೆರಿಕನ್ ಮಾತಾಡಿದಂತಾಯಿತು. ಮುರಳಿಯ ಕಣ್ಣು ಇನ್ನೂ ಅಗಲವಾಯಿತು. ಅವನ ಬೆರಳು ಒಳಗೆ, ಟ್ರಿಗರಿನ ಮೇಲಕ್ಕೆ ಸರಿದದ್ದನ್ನು ನಾನು ಕಂಡೆ. ಕ್ಯಾರಲ್ ನನಗೆ ಮೊದಲ ದಿನವೇ ಹೇಳಿದ್ದಳು, ಬೆರಳನ್ನು ಅಲ್ಲಿಡುವುದು ಹೊಡೆಯುವವನು ಮಾತ್ರ ಎಂದು.

ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಹೊಟ್ಟೆಯ ಆಳದಿಂದ, ಮೈಸೂರಿನ ಮನೆಯ ಹಿತ್ತಲಿಗೆ ಕೇಳುವಷ್ಟು ಗಟ್ಟಿಯಾಗಿ ಬಂತು: “ಅಯ್ಯಯ್ಯೋ ಮುರಳಿ, ನಾನು ಕಣೋ! ನಿಮ್ಮಕ್ಕನ ಗಂಡ ಕಣೋ!”

ಪಿಸ್ತೂಲು ಕೆಳಗಿಳಿಯಿತು. ಅದರ ಹಿಂದೆಯೇ ಮುರಳಿಯೂ ಇಳಿದ. ಮೆಟ್ಟಿಲ ಮೇಲೆ ಕುಕ್ಕರಿಸಿದ. ನಾನು ಬಚ್ಚಲುಮನೆಯ ಚೌಕಟ್ಟಿಗೆ ಒರಗಿಕೊಂಡೆ. ಕೈ ಇಳಿಸಬೇಕೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

“ಭಾವ... ಬೆರಳು ಇಟ್ಟಿದ್ದೆ ಭಾವ,” ಎಂದ. ಮತ್ತೆ ಅದನ್ನೇ ಹೇಳಿದ.

ಮಹಡಿಯಿಂದ ಇಂಗ್ಲಿಷಿನ ದನಿಯೊಂದು ಮುರಳಿ, ಆರ್ ಯು ದೇರ್, ಎಂದು ಕೂಗುತ್ತಿತ್ತು. ಅವನು ಪಿಸ್ತೂಲನ್ನು ಮೆಟ್ಟಿಲ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಅದರ ಗುಂಡು ತೆಗೆದು, ಗೋಡೆ ಹಿಡಿದು ಮೇಲೆ ಹೋದ. ಏನಾಯಿತು ಎಂದು ಅವರು ಕೇಳಿರಬೇಕು. “ನಥಿಂಗ್, ನಥಿಂಗ್. ಮೈ ಬ್ರದರ್ ಇನ್ ಲಾ ಈಸ್ ಹಿಯರ್,” ಎಂದ. ಆ ಕಡೆ ಅನುಭವಸ್ಥರೊಬ್ಬರು “ಓ, ಐ ಆ್ಯಮ್ ಸಾರಿ” ಎಂದರು.

ನಾವು ಅಡುಗೆಮನೆಯ ಮೇಜಿನೆದುರು ಕೂತೆವು. ಮುರಳಿ ಕಾಫಿ ಮಾಡಲು ಹೋಗಿ ಸಕ್ಕರೆ ಚೆಲ್ಲಿದ. ನಾನು ಧೈರ್ಯ ಹೇಳಲು, ಕಾರಿನಿಂದ ತಂದ ಚಕ್ಕುಲಿ ಡಬ್ಬಿ ತೆರೆದೆ. ನನ್ನ ಕೈಯಲ್ಲಿದ್ದ ಚಕ್ಕುಲಿ ತಾನಾಗಿಯೇ ಮುರಿಯಿತು. ಇಬ್ಬರಿಗೂ ನಗಬೇಕೆನಿಸಿತ್ತು, ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಗ್ಯಾರೇಜಿನ ಬಾಗಿಲು ಗರಗರ ಎಂದು ಮೇಲೇಳುವ ಸದ್ದು ಕೇಳಿಸಿತು. ಆಮೇಲೆ ಒಳಬಾಗಿಲಿನ ಹಿಡಿ ತಿರುಗಿತು. ಆಮೇಲೆ ಓಡುವ ಹೆಜ್ಜೆ, ನೇರವಾಗಿ ಬಚ್ಚಲುಮನೆಗೆ.

ಮುರಳಿ ನನ್ನನ್ನು ನೋಡಿದ.

ಹೊರಗೆ ಬಂದದ್ದು ಅವನ ಮಗಳು ಅನಿಕಾ. ಮೂರನೆಯ ಕ್ಲಾಸು. ಮುಖ ಮುಚ್ಚುವಷ್ಟು ದೊಡ್ಡ ಟೊಪ್ಪಿಗೆಯ ಜಾಕೆಟ್ಟು, ಬೆನ್ನಿಗೆ ಚೀಲ. ಬಸ್ಸಿಳಿದು ದಿನವೂ ಅವಳು ಹೀಗೇ, ಗಂಟೆ ಒತ್ತದೆ, ಯಾರನ್ನೂ ಕರೆಯದೆ ಬರುತ್ತಿದ್ದಳು. ಸಾಮಾನ್ಯವಾಗಿ ಆ ಹೊತ್ತಿಗೆ ಅವನು ಗಡಿಯಾರ ನೋಡಿಕೊಂಡಿರುತ್ತಿದ್ದ. ಸಾಮಾನ್ಯವಾಗಿ.

“ಹಾಯ್ ಮಾವ! ಡಿಡ್ ಅತ್ತೆ ಮೇಕ್ ಚಕ್ಲಿ?” ಎಂದವಳು ಡಬ್ಬಿಗೆ ಕೈಹಾಕಿದಳು. ಅಪ್ಪ ಎದ್ದು ಬಂದು ತಬ್ಬಿಕೊಂಡದ್ದು ಅವಳಿಗೆ ತುಸು ಹೆಚ್ಚಾಯಿತು. “ಅಪ್ಪಾ, ಐ ಕಾಂಟ್ ಚ್ಯೂ,” ಎಂದು ಗೊಣಗಿದಳು.

ದೀಪಾ ಬಂದ ಮೇಲೆ ಮುರಳಿ ತಾನೇ ಎಲ್ಲವನ್ನೂ ಹೇಳಿದ. ಅವಳು ಕೇಳಿದ್ದು ಒಂದೇ ಮಾತು: “ನಾಳೆ ಅಂಗಡಿ ಎಷ್ಟೊತ್ತಿಗೆ ತೆಗೀತಾರೆ?” ಆಮೇಲೆ ಅವನು ಅಕ್ಕನಿಗೆ ಫೋನು ಮಾಡಿದ.

“ಅಕ್ಕ, ನಾನು ಭಾವಂಗೆ ಗನ್ ಹಿಡಿದ್ಬಿಟ್ಟೆ.”

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು. ಆಮೇಲೆ, “ಎಲ್ಲಿದಾರೆ ಅವರು? ಫೋನ್ ಕೊಡು.”

ನಾನು ಹಲೋ ಎಂದೆ. ಸುಧಾ, “ಪೂರ್ತಿ ಇದೀರಾ?” ಎಂದು ಕೇಳಿದಳು.

“ಪೂರ್ತಿ ಇದೀನಿ.”

“ನಾನೇ ಕಳ್ಸಿದ್ದು ನಿಮ್ಮನ್ನ,” ಎಂದಳು. ಅವಳು ಅತ್ತದ್ದು ಫೋನಿನಲ್ಲಿ ಕೇಳಿಸಬಾರದೆಂದು ಅವಳ ಇಚ್ಛೆ, ಕೇಳಿಸಲಿಲ್ಲವೆಂಬಂತೆ ಇರುವುದು ನನ್ನ ಕೆಲಸ. ಆಮೇಲೆ ದನಿ ಸರಿಮಾಡಿಕೊಂಡು ಎಲ್ಲ ವಿವರ ಕೇಳಿದಳು. ಕೇಳಿ, ತಮ್ಮನನ್ನು ಮತ್ತೆ ಕರೆಸಿ, “ಅಲ್ವೋ ಮುರಳಿ, ಕಳ್ಳ ಮನೆಗೆ ನುಗ್ಗಿ ಫ್ಲಶ್ ಮಾಡಿ ಕೈ ತೊಳ್ಕೊಂಡು ಬರ್ತಾನೇನೋ?” ಎಂದಳು. ಮುರಳಿ ಹೋದ ಕ್ಲಾಸಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವನೂ ನಾನೂ ಪಿಸ್ತೂಲನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಅದನ್ನು ಮಾರಿದ ಅಂಗಡಿಗೇ ಹೋದೆವು. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಬೇಕಾದರೆ ಸರ್ಕಾರದ ಒಂದು ಕಾರ್ಡು ಬೇಕು. ಮುರಳಿ ಅದನ್ನು ತೋರಿಸಿದ. ಕೌಂಟರಿನ ಹಿಂದಿದ್ದ ದಪ್ಪ ಮನುಷ್ಯ ಪಿಸ್ತೂಲನ್ನು ತಿರುಗಿಸಿ ನೋಡಿ, ಇದರಲ್ಲಿ ಏನು ದೋಷ ಎಂದು ಕೇಳಿದ.

“ಅದರಲ್ಲಿ ಇಲ್ಲ,” ಎಂದ ಮುರಳಿ. ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ.

ಆ ಮನುಷ್ಯ ನಗಲಿಲ್ಲ. ಪಿಸ್ತೂಲನ್ನು ಪೆಟ್ಟಿಗೆಗೆ ಮರಳಿಸಿದ. ಇಬ್ಬರೂ ಅದೃಷ್ಟವಂತರು ಎಂದ. ಆಮೇಲೆ ವೃತ್ತಿಧರ್ಮ ನೆನಪಾಗಿರಬೇಕು. ಬಗ್ಗಿ ಇನ್ನೊಂದನ್ನು ಎತ್ತಿ ಗಾಜಿನ ಮೇಲಿಟ್ಟ. ಹೊಸ ಮಾದರಿ, ಕೆಳಗೆ ಸಣ್ಣ ದೀಪವಿದೆ, ಎದುರಿಗಿರುವವರ ಮುಖ ಸ್ಪಷ್ಟವಾಗಿ ಕಾಣುತ್ತದೆ ಎಂದ. ಮುರಳಿ ನನ್ನ ಮುಖವನ್ನು ನೋಡಿದ. ನಾನು ಅವನ ಮುಖವನ್ನು ನೋಡಿದೆ. ದೀಪವಿಲ್ಲದೆಯೇ ಸಾಕಷ್ಟು ಸ್ಪಷ್ಟವಾಗಿ ಕಂಡಿತು. ಹಣದ ಬದಲು ಅಂಗಡಿಯ ಸರಕನ್ನೇ ಕೊಂಡರೆ ಬೆಲೆ ಹೆಚ್ಚಿಗೆ ಕಟ್ಟಿಕೊಡುತ್ತೇನೆಂದ. ಹೀಗೆ ಒಂದು ಪಿಸ್ತೂಲು ಹೋಗಿ ನನ್ನನ್ನೂ ಸೇರಿಸಿ ನಾಲ್ಕು ಮಂದಿಯ ಚಳಿಗಾಲದ ಜಾಕೆಟ್ಟು, ಎರಡು ಫ್ಲಾಸ್ಕು, ಅನಿಕಾಳಿಗೊಂದು ಬೊಂಬೆ ಕರಡಿಯಾಗಿ ಹೊರಗೆ ಬಂತು. ಜಾಕೆಟ್ಟುಗಳನ್ನು ದೀಪಾಳ ಕಟ್ಟಪ್ಪಣೆಯಂತೆ ಕಿತ್ತಳೆ ಬಣ್ಣದವನ್ನೇ ಆರಿಸಿದೆವು. ಬೇಟೆಗಾರರು ಪರಸ್ಪರ ಗುಂಡು ಹಾರಿಸಿಕೊಳ್ಳದಿರಲೆಂದು ತೊಡುವ ಬಣ್ಣ ಅದು.

ಕಳ್ಳರು ಸಿಕ್ಕರೇ? ಇಲ್ಲ. ಹಿರೇಮಠರ ಬೆಳ್ಳಿ ಬರಲಿಲ್ಲ. ಅವರು ಈಗ ಭಾಷಣವನ್ನು ಸ್ವಲ್ಪ ಮೊಟಕು ಮಾಡಿದ್ದಾರೆ, ಸಮಾಜಕ್ಕೆ ಅಷ್ಟು ಲಾಭವಾಯಿತು. ಸುಧಾಳ ಭಯ ಒಂದೇ ದಿನಕ್ಕೆ ಹೋಗಲಿಲ್ಲ. ನಾನು ಊರಿಗೆ ಬಂದ ದಿನ ಅವಳು ಬಾಗಿಲಲ್ಲಿ ನನ್ನ ಎರಡೂ ತೋಳು ಹಿಡಿದು, ಕುಂದುಕೊರತೆ ನೋಡಿಕೊಂಡು, ಒಂದು ಕಾನೂನು ಜಾರಿಮಾಡಿದಳು: ಇನ್ನು ಮೇಲೆ ಯಾರೇ ಮನೆಯೊಳಗೆ ಬರಲಿ, ಬಾಗಿಲಲ್ಲೇ ಕೂಗಿಕೊಂಡು ಬರತಕ್ಕದ್ದು, ಅದೂ ಕನ್ನಡದಲ್ಲಿ. ಡೆಸ್ ಪ್ಲೇನ್ಸ್‌ಗೂ ಈ ಕಾನೂನು ಅನ್ವಯಿಸಿತು. ಅನಿಕಾ ದಿನಾ ಗ್ಯಾರೇಜಿನಿಂದಲೇ “ಅಪ್ಪಾ, ನಾನು ಬಂದೆ, ಡೋಂಟ್ ವರಿ” ಎಂದು ಅರಚುತ್ತಾಳಂತೆ. ಅವಳು ಇಷ್ಟು ಕನ್ನಡ ಮಾತಾಡಿದ್ದು ಇದೇ ಮೊದಲು. ಕನ್ನಡ ಶಾಲೆಯ ಭಾನುವಾರಗಳಿಂದ ಆಗದ ಕೆಲಸ ಇದು.

ನಾನೂ ಕೂಗುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ನಮ್ಮೂರಿನಲ್ಲಿ ಹೊಸಿಲು ದಾಟುವ ಮುಂಚೆ ಹಾಲಿನವನೂ ಕೂಗುತ್ತಿದ್ದ, ಹೂವಿನವಳೂ ಕೂಗುತ್ತಿದ್ದಳು. ಸದ್ದಿಲ್ಲದೆ ಬಂದುಹೋಗುವುದನ್ನು ಇಲ್ಲಿಗೆ ಬಂದ ಮೇಲೆ ಸಭ್ಯತೆ ಎಂದು ಕಲಿತಿದ್ದೆ. ಈಗ ಸಂಜೆ ಬಾಗಿಲು ತೆರೆದವನೇ, “ಸುಧಾ, ನಾನು ಬಂದೆ ಕಣೇ” ಎಂದು ಇಡೀ ಸಬ್‌ಡಿವಿಷನ್ನಿಗೆ ಸಾರುತ್ತೇನೆ. ಒಳಗಿನಿಂದ “ಹ್ಞಾಂ” ಎಂದು ಉತ್ತರ ಬರುತ್ತದೆ.

ಮೊನ್ನೆ ಏಪ್ರಿಲ್ಲಿನಲ್ಲಿ ಒಂದು ದಿನ ಬೇಗ ಮನೆಗೆ ಬಂದೆ. ಬಾಗಿಲಲ್ಲಿ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ, ಇಲ್ಲ. ಶೂ ಬಿಚ್ಚದೆ ಒಳಗೆ ಹೋದೆ. ಹಿಂಬಾಗಿಲು ಅರ್ಧ ತೆರೆದಿತ್ತು, ಪರದೆ ಗಾಳಿಗೆ ಹಾರುತ್ತಿತ್ತು. ಬಿಸಿಲು ಬಿದ್ದ ಸೋಫಾದ ಮೇಲೆ ಸುಧಾ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದುಕೊಂಡು, ಸಣ್ಣಗೆ ಗೊರಕೆ ಹೊಡೆಯುತ್ತ, ಎಷ್ಟೋ ತಿಂಗಳ ನಿದ್ದೆಯನ್ನು ಒಟ್ಟಿಗೇ ಮಾಡುತ್ತಿದ್ದಳು. ನಾನು ಅಲ್ಲೇ ನಿಂತು ಉಸಿರು ಬಿಟ್ಟೆ. ಅವಳು ಒಂದು ಕಣ್ಣು ತೆರೆದಳು.

“ಅಷ್ಟು ಕೂಗಿದೆ, ಕೇಳಿಸ್ಲಿಲ್ವಾ?” ಎಂದೆ.

“ಕೇಳಿಸ್ತು.”

“ಮತ್ತೆ ಏಳ್ಬಾರ್ದಾ?”

ಅವಳು ಆ ಕಣ್ಣನ್ನೂ ಮುಚ್ಚಿಕೊಂಡು ಮಗ್ಗುಲು ತಿರುಗಿದಳು. “ನೀವೇ ಅಂತ ಗೊತ್ತಾಯ್ತಲ್ಲ. ಮತ್ತೆ ಏಳೋದ್ಯಾಕೆ?”